ಸತ್ಯಾಂಶ: ಮಿದುಳಿನ ‘ಶೇ 10’ ಮತ್ತು ಕೆಂಪು ಚುಕ್ಕೆಗಳು

ಪರೀಕ್ಷೆ ಹತ್ತಿರವಾದಂತೆ ರಾಯಚೂರಿನ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಮತ್ತೆ ಬರುವ ಸಂದೇಶ: ನಾವು ಬಳಸುವುದು ಮಿದುಳಿನ ಶೇ 10ರಷ್ಟನ್ನು ಮಾತ್ರ. ಜೊತೆಗೊಂದು ಸ್ಕ್ಯಾನ್ ಚಿತ್ರ, ಅಲ್ಲಲ್ಲಿ ಕೆಂಪು ಚುಕ್ಕೆ. ಕಳುಹಿಸುವವರ ಕಾಳಜಿ ನಿಜ, ಮಾಹಿತಿ ಮಾತ್ರ ತಪ್ಪು.

ಆ ಚುಕ್ಕೆಗಳು ಯಂತ್ರ ನೇರವಾಗಿ ತೆಗೆದ ಫೋಟೊ ಅಲ್ಲ, ದತ್ತಾಂಶ ತಜ್ಞರ ಲೆಕ್ಕಾಚಾರದ ಫಲ. ಮಿದುಳನ್ನು ಸಾವಿರಾರು ಪುಟ್ಟ ಘನಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ರಕ್ತದ ಆಮ್ಲಜನಕದ ಏರಿಳಿತ ಅಳೆದು, ಎರಡು ಸ್ಥಿತಿಗಳ (ಉದಾಹರಣೆಗೆ, ಒಂದು ಕೆಲಸ ಮಾಡುವಾಗ ಮತ್ತು ಸುಮ್ಮನಿರುವಾಗ) ನಡುವಿನ ವ್ಯತ್ಯಾಸ ನಿಗದಿತ ಮಿತಿ ದಾಟಿದಲ್ಲಿ ಮಾತ್ರ ಬಣ್ಣ ತುಂಬುತ್ತಾರೆ. ಬಣ್ಣ ತುಂಬದೆ ಬೂದಾಗಿ ಉಳಿದ ಭಾಗವೂ ದುಡಿಯುತ್ತಲೇ ಇರುತ್ತದೆ. ಈ ಲೆಕ್ಕ ಎಷ್ಟು ಸೂಕ್ಷ್ಮವೆಂದರೆ, 2009ರಲ್ಲಿ ಸಂಶೋಧಕರು ಸತ್ತ ಮೀನೊಂದನ್ನು ಸ್ಕ್ಯಾನ್ ಮಾಡಿದ್ದರು. ಆಕಸ್ಮಿಕವಾಗಿ ಮೂಡುವ ಸುಳ್ಳು ಚುಕ್ಕೆಗಳನ್ನು ಸೋಸುವ ಸಂಖ್ಯಾಶಾಸ್ತ್ರದ ತಿದ್ದುಪಡಿ ಬಿಟ್ಟಾಗ ಅದರ ಮಿದುಳಿನಲ್ಲೂ ಚುಕ್ಕೆ ಮೂಡಿತ್ತು!

ಇಂಥ ಚಿತ್ರ ಬಂದರೆ ಅದನ್ನೇ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಮೂಲ ಸಿಕ್ಕರೆ, ಯಾವುದನ್ನು ಯಾವುದರೊಂದಿಗೆ ಹೋಲಿಸಿದ್ದಾರೆ, ಎಷ್ಟು ಜನರನ್ನು ಪರೀಕ್ಷಿಸಿದ್ದಾರೆ ಎಂದು ನೋಡಿ.