ಸಹಿ ಹಾಕಿಸಿಕೊಂಡರೆ ತಿಳಿಸಿದ ಹಾಗಾಯ್ತಾ?

ಅಮೆರಿಕದ ಸೇನಾ ನೆಲೆಗಳಲ್ಲಿರುವ ಹಳೇ ಮನೆಗಳ ಬಗ್ಗೆ ಕೆಲವು ಸಮಯದಿಂದ ಓದುತ್ತಿದ್ದೇನೆ. ಓದಿದಷ್ಟೂ ಸಿಟ್ಟು ಜಾಸ್ತಿಯಾಗುತ್ತಿದೆ. ಗೋಡೆಗೆ ಸೀಸದ ಬಣ್ಣ, ನೆಲದ ಟೈಲ್‌ನಲ್ಲಿ ಆಸ್ಬೆಸ್ಟಾಸ್, ಬಚ್ಚಲ ಗೋಡೆಯ ಹಿಂದೆ ಬೂಸ್ಟು, ಮನೆ ಸುತ್ತಲಿನ ಮಣ್ಣಿನಲ್ಲಿ ಎಂದೋ ಸುರಿದ ಗೆದ್ದಲಿನ ಔಷಧಿ. ಹಳೇ ಮನೆ ಅಂದಮೇಲೆ ಇಂಥದ್ದು ಇರಬಹುದು, ಒಪ್ಪೋಣ. ನನ್ನ ಸಿಟ್ಟು ಅದರ ಮೇಲಲ್ಲ. ಅಲ್ಲಿ ಮಕ್ಕಳನ್ನು ಸಾಕುವವರಿಗೆ ಇದನ್ನು ಯಾವಾಗ ಹೇಳಿದರು, ಹೇಗೆ ಹೇಳಿದರು ಅನ್ನೋದರ ಮೇಲೆ.

ನಾರ್ತ್ ಕೆರೊಲಿನಾದ ಕ್ಯಾಂಪ್ ಲೆಜೂನ್ ತಗೊಳ್ಳಿ. ಮರೀನ್ ಪಡೆಯ ದೊಡ್ಡ ನೆಲೆ. 1953ರಿಂದ 1987ರವರೆಗೆ ಅಲ್ಲಿನ ಕುಡಿಯುವ ನೀರಿನಲ್ಲಿ ವಿಷ ಇತ್ತು. ಟರಾವಾ ಟೆರೇಸ್ ಅನ್ನೋದು ಕುಟುಂಬಗಳ ಬಡಾವಣೆ. ಅದಕ್ಕೆ ನೀರು ಕೊಡುತ್ತಿದ್ದ ಬಾವಿಗಳಿಗೆ ನೆಲೆಯ ಹೊರಗಿನ ಒಂದು ಡ್ರೈ ಕ್ಲೀನಿಂಗ್ ಅಂಗಡಿಯ ದ್ರಾವಕ ಇಳಿದಿತ್ತು. ನೆಲೆಯ ಇನ್ನೊಂದು ಭಾಗವಾದ ಹ್ಯಾಡ್ನಾಟ್ ಪಾಯಿಂಟ್ ಕಡೆಯ ನೀರಿನಲ್ಲಿ ಲೋಹದ ಜಿಡ್ಡು ತೆಗೆಯುವ ದ್ರಾವಕ ಟ್ರೈಕ್ಲೋರೋಎಥಿಲೀನ್, ಪೆಟ್ರೋಲಿನಲ್ಲಿರುವ ರಾಸಾಯನಿಕ ಬೆಂಜೀನ್. 1980ರ ದಶಕದ ಶುರುವಿನಲ್ಲೇ ಪರೀಕ್ಷೆಗಳಲ್ಲಿ ಸುಳಿವು ಸಿಕ್ಕಿತ್ತು. ಕೆಟ್ಟ ಬಾವಿಗಳನ್ನು ನಿಲ್ಲಿಸಿದ್ದು 1984-85ರಲ್ಲಿ.

1985ರ ಏಪ್ರಿಲ್ ಕೊನೆಗೆ ಟರಾವಾ ಟೆರೇಸ್‌ನ ಮನೆಗಳಿಗೆ ಒಂದು ನೋಟೀಸ್ ಹೋಯಿತು. ಅದರ ಸಾರ ಇಷ್ಟು: ನೀರಿನಲ್ಲಿ ಕೆಲವು ಸಾವಯವ ರಾಸಾಯನಿಕಗಳು ತೀರಾ ಅತ್ಯಲ್ಪ ಪ್ರಮಾಣದಲ್ಲಿ ಕಂಡಿವೆ, ಹಾಗಾಗಿ ಎರಡು ಬಾವಿ ನಿಲ್ಲಿಸಿದ್ದೇವೆ, ದಯವಿಟ್ಟು ನೀರನ್ನು ಹಿಡಿತದಲ್ಲಿ ಬಳಸಿ. ಆ ಬಡಾವಣೆಯ ನೀರಿನಲ್ಲಿ ಅಳೆದು ಸಿಕ್ಕ ಅತಿ ಹೆಚ್ಚಿನ ದ್ರಾವಕ ಲೀಟರಿಗೆ 215 ಮೈಕ್ರೋಗ್ರಾಂ. ಇವತ್ತು ಅಮೆರಿಕದಲ್ಲಿ ಅದಕ್ಕೆ ಇರುವ ಮಿತಿ 5.

ಈ ನೋಟೀಸನ್ನು ಒಬ್ಬ ಬಸುರಿ ಹೆಂಗಸು ಅಡುಗೆಮನೆಯಲ್ಲಿ ನಿಂತು ಓದಿದಳು ಅಂದುಕೊಳ್ಳಿ. ಯಾವ ರಾಸಾಯನಿಕ? ಎಷ್ಟು ವರ್ಷದಿಂದ ಕುಡಿಯುತ್ತಿದ್ದೇನೆ? ಡಾಕ್ಟರಿಗೆ ಏನಂತ ಹೇಳಲಿ? ಯಾವುದಕ್ಕೂ ಅಲ್ಲಿ ಉತ್ತರವಿಲ್ಲ. ನೀರು ಕಡಿಮೆ ಬರುತ್ತದೆ ಅನ್ನೋದಷ್ಟೇ ಅವಳಿಗೆ ಮುಟ್ಟುವ ಸುದ್ದಿ. ಅದರಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಅಂತ ವಾದ ಮಾಡಬಹುದು. ಓದಿದವರಿಗೆ ಏನೂ ತಿಳಿಯದ ಹಾಗೆ ಅದು ಇತ್ತು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ.

ಅದೇ 1985ರಲ್ಲಿ ಮರೀನ್ ಸಾರ್ಜೆಂಟ್ ಜೆರಿ ಎನ್ಸ್‌ಮಿಂಗರ್ ಅವರ ಮಗಳು ಜೇನಿ ಲುಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ವಯಸ್ಸು 9. ನೀರು ಕೆಟ್ಟಿತ್ತು ಅನ್ನೋದು ಆ ಅಪ್ಪನಿಗೆ ಗೊತ್ತಾದದ್ದು 1997ರಲ್ಲಿ, ಟಿವಿಯ ಸುದ್ದಿಯಿಂದ. ಅವರಂಥವರು ವರ್ಷಗಟ್ಟಲೆ ಬಡಿದಾಡಿದ ಮೇಲೆ, ಸಂತ್ರಸ್ತರು ಪರಿಹಾರಕ್ಕೆ ಕೋರ್ಟಿಗೆ ಹೋಗಲು ದಾರಿ ಮಾಡಿಕೊಟ್ಟ ಕಾನೂನು 2022ರ ಆಗಸ್ಟ್‌ನಲ್ಲಿ ಬಂತು. ಆ ನೀರು ಬಳಸಿದವರು ಹತ್ತು ಲಕ್ಷದವರೆಗೂ ಇರಬಹುದು ಅಂತ ಅಲ್ಲಿನ ಸರ್ಕಾರಿ ಸಂಸ್ಥೆಯೇ ಹೇಳುತ್ತದೆ.

ಅದು ಹಳೇ ಕಥೆ, ಈಗ ಕಾಲ ಬದಲಾಗಿದೆ ಅನ್ನುವವರಿಗೆ ಹವಾಯಿ ನೆನಪಿಸುತ್ತೇನೆ. 2021ರ ನವೆಂಬರ್‌ನಲ್ಲಿ ರೆಡ್ ಹಿಲ್ ಎಂಬಲ್ಲಿನ ನೌಕಾಪಡೆಯ ಇಂಧನ ಸಂಗ್ರಹಾಗಾರದಿಂದ ಜೆಟ್ ಇಂಧನ ಸೋರಿ ಕುಡಿಯುವ ನೀರಿಗೆ ಸೇರಿತು. ಸುಮಾರು 93,000 ಜನ ಆ ನೀರನ್ನು ನೆಚ್ಚಿಕೊಂಡಿದ್ದರು. ನಲ್ಲಿ ತಿರುಗಿಸಿದರೆ ಇಂಧನದ ವಾಸನೆ ಬರುತ್ತಿದೆ ಅಂತ ಜನ ದೂರಿದರು. ಮೊದಲು ಅವರಿಗೆ ಸಿಕ್ಕ ಉತ್ತರ, ನೀರು ಚೆನ್ನಾಗಿದೆ ಅಂತ. ಮೂಗಿಗೆ ಗೊತ್ತಾದದ್ದನ್ನೂ ನಂಬಬೇಡಿ ಅಂದ ಹಾಗಾಯಿತು ಅಲ್ವಾ?

ಇನ್ನು ಸೀಸ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯೋದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೇ ಮನೆಯನ್ನು ಬಾಡಿಗೆಗೆ ಕೊಡುವಾಗ ಸೀಸದ ಬಗ್ಗೆ ಗೊತ್ತಿರುವುದನ್ನು ಹೇಳಬೇಕು, ಒಂದು ಕಿರುಪುಸ್ತಕ ಕೊಡಬೇಕು ಅಂತ 1992ರಲ್ಲಿ ಕಾನೂನು ಮಾಡಿದರು. ಒಳ್ಳೆಯ ಕಾನೂನೇ. ಆದರೆ ‘ಗೊತ್ತಿರುವುದನ್ನು’ ಅನ್ನೋ ಷರತ್ತಿನಲ್ಲಿ ಒಂದು ದೊಡ್ಡ ಕಿಂಡಿ ಇದೆ. ಬಾಡಿಗೆಗೆ ಕೊಡುವ ಮೊದಲು ಪರೀಕ್ಷೆ ಮಾಡಿಸಲೇಬೇಕು ಅಂತ ಆ ಕಾನೂನು ಹೇಳುವುದಿಲ್ಲ. ಪರೀಕ್ಷೆ ಮಾಡಿಸದಿದ್ದರೆ ‘ನಮಗೆ ಗೊತ್ತಿಲ್ಲ’ ಅಂತ ಟಿಕ್ ಹಾಕಿದರೆ ಮುಗಿಯಿತು.

ಕಿರುಪುಸ್ತಕ ಓದಿ ಒಬ್ಬ ತಾಯಿಗೆ ‘ಹಳೇ ಮನೆಗಳಲ್ಲಿ ಸೀಸ ಇರಬಹುದು’ ಅಂತ ತಿಳಿಯುತ್ತದೆ. ತನ್ನ ಮಗು ಮಲಗುವ ಕೋಣೆಯ ಕಿಟಕಿ ಬಗ್ಗೆ ಅವಳಿಗೆ ತಿಳಿಯುವುದಿಲ್ಲ. ಆ ಹಳೇ ಕಿಟಕಿಗಳು ಮೇಲೆ ಕೆಳಗೆ ಜಾರುವಂಥವು. ಪ್ರತಿ ಸಲ ಎತ್ತಿ ಇಳಿಸಿದಾಗಲೂ ಮರಕ್ಕೆ ಮರ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಮೇಲೆ ಎಷ್ಟು ಸಲ ಹೊಸ ಬಣ್ಣ ಹೊಡೆದಿದ್ದರೂ ಉಜ್ಜುವ ಜಾಗದಲ್ಲಿ ಒಳಗಿನ ಪದರ ಹೊರಗೆ ಬರುತ್ತದೆ. ಆ ಸಣ್ಣ ಪುಡಿ ಕಿಟಕಿ ಕಟ್ಟೆಯ ಮೇಲೆ ಕೂರುತ್ತದೆ. ಆಗಷ್ಟೇ ಎದ್ದು ನಿಲ್ಲಲು ಕಲಿಯುವ ಮಗು ಹಿಡಿದುಕೊಳ್ಳೋದು ಅದೇ ಕಟ್ಟೆಯನ್ನು. ಆಮೇಲೆ ಕೈ ನೇರ ಬಾಯಿಗೆ. ಗೊತ್ತಿದ್ದರೆ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ, ತೊಟ್ಟಿಲನ್ನು ಪಕ್ಕಕ್ಕೆ ಸರಿಸುತ್ತಾಳೆ, ಮನೆಯನ್ನೇ ಬೇಡ ಅನ್ನಲೂಬಹುದು.

2018ರಲ್ಲಿ ರಾಯ್ಟರ್ಸ್ ವರದಿಗಾರರು ಸೇನಾ ಮನೆಗಳ ಬಗ್ಗೆ ಸರಣಿ ತನಿಖೆ ಮಾಡಿದರು. ಕೆಲವೇ ವರ್ಷಗಳಲ್ಲಿ ಸೇನೆಯ ಕ್ಲಿನಿಕ್‌ಗಳಲ್ಲಿ ಪರೀಕ್ಷೆ ಮಾಡಿಸಿದ ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳ ರಕ್ತದಲ್ಲಿ ಸೀಸ ಮಿತಿಗಿಂತ ಜಾಸ್ತಿ ಇದ್ದದ್ದು ಅದರಿಂದ ಹೊರಬಂತು. ಒಂದು ಕಡೆ ಅಂಕಿಅಂಶ ಇದೆ, ಇನ್ನೊಂದು ಕಡೆ ಅದು ಬೇಕಾದ ಕುಟುಂಬಗಳಿವೆ, ನಡುವೆ ಪತ್ರಕರ್ತರು ಬರಬೇಕಾಯಿತು.

ಇದಕ್ಕೆ ಒಂದು ಕಾರಣ ವ್ಯವಸ್ಥೆಯಲ್ಲೇ ಇದೆ. 1996ರ ನಂತರ ಈ ಮನೆಗಳನ್ನು ಖಾಸಗಿ ಕಂಪನಿಗಳಿಗೆ ಕೊಡುತ್ತಾ ಬಂದರು. ದೇಶದೊಳಗಿನ ಸೇನಾ ಕುಟುಂಬಗಳ ಮನೆಗಳು ಈಗ ಹೆಚ್ಚುಕಮ್ಮಿ ಎಲ್ಲವೂ ಅವರ ಕೈಯಲ್ಲಿವೆ. ಅದರಲ್ಲಿ ಒಂದಾದ ಬಾಲ್ಫೋರ್ ಬೀಟಿ ಕಮ್ಯುನಿಟೀಸ್, ಬೋನಸ್ ಗಿಟ್ಟಿಸಲು ದುರಸ್ತಿ ದಾಖಲೆಗಳನ್ನೇ ತಿದ್ದಿದ ವಂಚನೆಯನ್ನು 2021ರ ಡಿಸೆಂಬರ್‌ನಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡಿತು. ದಂಡ, ಪರಿಹಾರ ಸೇರಿ 6.5 ಕೋಟಿ ಡಾಲರಿಗೂ ಹೆಚ್ಚು ಕಟ್ಟಬೇಕಾಯಿತು. ಇನ್ನೊಂದು ಕಾರಣ ವರ್ಗಾವಣೆ. ಎರಡು ಮೂರು ವರ್ಷಕ್ಕೊಮ್ಮೆ ಕುಟುಂಬ ಊರು ಬದಲಿಸುತ್ತದೆ. ಮನೆಯ ಕಾಯಿಲೆ ಅರ್ಥವಾಗುವ ಹೊತ್ತಿಗೆ ಗಂಟುಮೂಟೆ ಕಟ್ಟುವ ಸಮಯ. ಗೊತ್ತಾದದ್ದೂ ಅವರ ಜೊತೆಗೇ ಹೋಗುತ್ತದೆ. ಮುಂದಿನವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಅದಕ್ಕೇ 2019ರ ಕೊನೆಯಲ್ಲಿ ಪಾಸಾದ ರಕ್ಷಣಾ ಕಾನೂನಿನ 18 ಬಾಡಿಗೆದಾರ ಹಕ್ಕುಗಳಲ್ಲಿ ನನಗೆ ತುಂಬಾ ಮುಖ್ಯ ಅನಿಸೋದು ಒಂದೇ. ಸಹಿ ಹಾಕುವ ಮೊದಲು ಆ ಮನೆಯ ಹಿಂದಿನ 7 ವರ್ಷಗಳ ದುರಸ್ತಿ ಇತಿಹಾಸ ಕೇಳಿ ಪಡೆಯುವ ಹಕ್ಕು. ಅದನ್ನು ಬಿಡಬೇಡಿ. ಯಾವ ಕೋಣೆಯಲ್ಲಿ ನೀರು ಸೋರಿತ್ತು, ಬೂಸ್ಟಿಗೆ ಬರೀ ಬಣ್ಣ ಹೊಡೆದರೋ ಗೋಡೆ ತೆಗೆದರೋ, ಅದರಲ್ಲಿ ಹುಡುಕಿ. ಜೊತೆಗೆ ಸೀಸ, ಆಸ್ಬೆಸ್ಟಾಸ್, ರೇಡಾನ್ (ನೆಲದಿಂದ ಮನೆಯೊಳಗೆ ಬರುವ ವಿಕಿರಣ ಅನಿಲ) ಪರೀಕ್ಷೆಯ ವರದಿಗಳನ್ನು ಬರಹದಲ್ಲಿ ಕೇಳಿ. ಪರೀಕ್ಷೆ ಆಗಿಲ್ಲ ಅಂದರೆ ಅದನ್ನೂ ಬರೆದುಕೊಡಲು ಹೇಳಿ.

ಎಲ್ಲ ಹೇಳಿದರೆ ಜನ ಸುಮ್ನೆ ಗಾಬರಿಯಾಗುತ್ತಾರೆ ಅನ್ನೋ ವಾದವನ್ನು ನಾನು ಒಪ್ಪಲ್ಲ. ಆಸ್ಬೆಸ್ಟಾಸ್ ಇರುವ ಟೈಲ್ ಗಟ್ಟಿಯಾಗಿ ಕೂತಿದ್ದರೆ ಅಪಾಯ ಕಡಿಮೆ. ಒಡೆದರೆ, ಉಜ್ಜಿದರೆ, ಕೊರೆದರೆ ಅದರ ನಾರು ಗಾಳಿಗೆ ಬರುತ್ತದೆ. ಇದು ಗೊತ್ತಿರುವವರು ಹಾಗೇ ಬಿಡುತ್ತಾರೆ. ಗೊತ್ತಿಲ್ಲದವರು ರಜಾದಿನ ಕೂತು ತಾವೇ ಕಿತ್ತು ಹಾಕುತ್ತಾರೆ.

ಈಗಾಗಲೇ ಅಂಥ ಮನೆಯಲ್ಲಿ ಪುಟ್ಟ ಮಕ್ಕಳ ಜೊತೆ ಇರುವವರಿದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ‘ನಾರ್ಮಲ್’ ಅಂದರೆ ಸಾಲದು, ಅಂಕಿ ಕೇಳಿ. ಎಚ್ಚರಿಕೆ ವಹಿಸಬೇಕಾದ ಮಟ್ಟ ಮೊದಲು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಇತ್ತು. 2021ರಲ್ಲಿ ಅದನ್ನು 3.5ಕ್ಕೆ ಇಳಿಸಿದ್ದಾರೆ. ಮಗುವಿನ ಹಳೇ ರಿಪೋರ್ಟ್‌ನಲ್ಲಿ 4 ಅಂತಿದ್ದು ಆಗ ಏನೂ ತೊಂದರೆಯಿಲ್ಲ ಅಂದಿದ್ದರೆ, ಅದನ್ನು ತಗೊಂಡು ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ.