ಅದೇ ನಿಂತುಹೋಯ್ತು

ಈ ಸಲ ರಜೆಗೆ ಬಸವನಗುಡಿಯ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಅಣ್ಣನ ಮಗಳು ಒಲೆ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ಒಂದು ಕೈಯಲ್ಲಿ ಹೊಟ್ಟೆಗೆ ಬಿಸಿನೀರಿನ ಬ್ಯಾಗ್ ಒತ್ತಿ ಹಿಡಿದಿದ್ದಳು. "ಎರಡನೇ ದಿನ ಅತ್ತೆ, ತುಂಬಾ ನೋವು" ಅಂದಳು. ಅಮ್ಮ ಪಕ್ಕದಲ್ಲೇ ಹೆಸರುಬೇಳೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಅದೇ ಮನೆಯಲ್ಲಿ ಮದುವೆಯಾಗುವವರೆಗೂ ತಿಂಗಳಿಗೆ ಮೂರು ದಿನ ಬಚ್ಚಲ ಪಕ್ಕದ ಮೂಲೆಯಲ್ಲಿ ಕೂತವಳು ನಾನು. ಬೇರೆ ಚಾಪೆ, ಬೇರೆ ತಟ್ಟೆ, ಅಂಚು ನೆಗ್ಗಿದ ಒಂದು ಚೊಂಬು. ಅಮ್ಮ ಅನ್ನವನ್ನು ಮೇಲಿಂದ ಹಾಕುತ್ತಿದ್ದಳು. ಎಸೆಸೆಲ್ಸಿ ಗಣಿತದ ಪರೀಕ್ಷೆಗೂ ಆ ಮೂಲೆಯಿಂದಲೇ ಎದ್ದು ಹೋಗಿದ್ದೆ. ಈಗ ಅಲ್ಲಿ ವಾಷಿಂಗ್ ಮೆಷಿನ್ ಇದೆ.

"ಯಾವಾಗ ನಿಲ್ಲಿಸಿದೆ ಅಮ್ಮಾ?"

"ಯಾರು ನಿಲ್ಲಿಸಿದ್ರು? ಅದೇ ನಿಂತುಹೋಯ್ತು ಕಣೆ."

ಹುಡುಗಿಯನ್ನು ನೋಡಿ ಸಂತೋಷವಾಯಿತು, ನಿಜ. ಆದರೆ ಅಮ್ಮನ ಆ ಮಾತು ದಿನವಿಡೀ ಚುಚ್ಚಿತು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕಡೆ. ಸುತ್ತಲೂ ಆಮಿಶ್ ಜನ, ಹಳೆಯ ರೀತಿ ಬಿಡದ ಕ್ರೈಸ್ತ ಪಂಗಡದವರು. ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ಕರೆಂಟಿನ ತಂತಿ ಎಳೆಸುವುದಿಲ್ಲ. ಅವರ ಕಟ್ಟುಪಾಡಿಗೆ ಆರ್ಡ್ನುಂಗ್ ಅನ್ನುತ್ತಾರೆ. ಬಹುಪಾಲು ಬಾಯಿಮಾತಿನಲ್ಲೇ ಇರುವಂಥದ್ದು, ನಮ್ಮ ಮಡಿ ಮುಸುರೆಯ ಹಾಗೆ. ನಾನು ಟೊಮೆಟೊ ಕೊಳ್ಳುವ ಮನೆಯವರಿಗೂ ಫೋನ್ ಇದೆ, ಆದರೆ ಹೊಲದ ಅಂಚಿನಲ್ಲಿ. ಮರದ ಪುಟ್ಟ ಗೂಡು. ಒಳಗೆ ಒಂದು ಸ್ಟೂಲು, ದಾರ ಕಟ್ಟಿ ನೇತುಹಾಕಿದ ಪೆನ್ಸಿಲ್ಲು, ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಬರೆಯುವ ಪುಸ್ತಕ. 1910ರ ಸುಮಾರಿಗೆ ಮನೆಯೊಳಗೆ ಫೋನ್ ಬೇಡ ಅಂತ ತೀರ್ಮಾನಿಸಿದ್ದರು. ಆಮೇಲೆ ಡಾಕ್ಟರನ್ನು ಕರೆಯುವುದಕ್ಕಾದರೂ ಬೇಕು ಅಂತ ಕೆಲವರು ಕೇಳಿದರು. ಮಾತಾಡಿ ಮಾತಾಡಿ ಕೊನೆಗೆ ಈ ಗೂಡಿಗೆ ಒಪ್ಪಿದರು.

ವರ್ಷಕ್ಕೆ ಎರಡು ಸಲ, ಎಲ್ಲರೂ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮುಂಚೆ, ಸಭೆ ಸೇರುತ್ತದೆ. ಯಾವುದು ಸರಿ, ಯಾವುದು ಕೂಡದು ಅಂತ ಬಾಯಿಬಿಟ್ಟು ಹೇಳುತ್ತಾರೆ. ಒಪ್ಪಿಗೆಯೋ ಅಂತ ಎಲ್ಲರನ್ನೂ ಕೇಳುತ್ತಾರೆ. ಹೆಂಗಸರನ್ನೂ ಕೇಳುತ್ತಾರೆ! ಒಮ್ಮತ ಬರದಿದ್ದರೆ ಪ್ರಭುಭೋಜನವೇ ಮುಂದಕ್ಕೆ ಹೋಗಬಹುದು.

ನಮ್ಮಲ್ಲಿ ನನ್ನನ್ನು ಯಾರು ಕೇಳಿದರು? ಕೂರು ಅಂದಾಗಲೂ ಕೇಳಲಿಲ್ಲ, ಬಿಟ್ಟಾಗಲೂ ಹೇಳಲಿಲ್ಲ. ನಮ್ಮ ಮನೆಯ ಎಲ್ಲವೂ ಹೀಗೇ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು ಬೆಂಗಳೂರಿಗೆ ಬಂತಲ್ಲ, ಎಷ್ಟೋ ವರ್ಷ ನಮ್ಮ ಮನೆಯ ದೇವರಿಗೆ ಆ ನಲ್ಲಿ ನೀರು ಆಗುತ್ತಿರಲಿಲ್ಲವಂತೆ. ಒಳಗಿನ ವಾಷರು ತೊಗಲಿನದು ಅಂತ. ಮುತ್ತಜ್ಜಿ ಕೊನೆವರೆಗೂ ಬಾವಿಯಿಂದಲೇ ಸೇದಿದಳು. ಅವಳು ಹೋದಳು, ನಲ್ಲಿ ಒಳಗೆ ಬಂತು. ಚಾತುರ್ಮಾಸ್ಯದಲ್ಲಿ ತರಕಾರಿ ಬಿಡುವ ಶಾಕವ್ರತ ಅಪ್ಪನ ಜೊತೆ ಹೋಯಿತು. ಫ್ರಿಜ್ಜು ಹತ್ತು ವರ್ಷ ಹಜಾರದಲ್ಲಿ ನಿಂತು, ಅಜ್ಜಿ ತೀರಿಕೊಂಡ ಮೇಲೆ ಅಡುಗೆಮನೆಗೆ ಹೋಯಿತು. ಇದು ತಪ್ಪಾಗಿತ್ತು, ಇನ್ನು ಬೇಡ ಅಂತ ಒಬ್ಬರಾದರೂ ಹೇಳಬಾರದಾ?

ಇದನ್ನೆಲ್ಲ ಆ ಟೊಮೆಟೊ ಮನೆಯಾಕೆಗೆ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಮ್ಮನ ವಿಷಯ ತೆಗೆದಳು. ದೀಕ್ಷಾಸ್ನಾನ ಪಡೆದು ಪಂಗಡಕ್ಕೆ ಸೇರಿದಮೇಲೆ ಅದನ್ನು ಬಿಟ್ಟು ಹೋದವನು ಅವನು. ಅಪ್ಪನ ಮನೆಗೆ ಬಂದರೆ ಅವನಿಗೆ ಬೇರೆ ಮೇಜು. ಅದೇ ಸಾರು, ಅದೇ ಬ್ರೆಡ್ಡು, ನಾಲ್ಕಡಿ ದೂರದಲ್ಲಿ. ನನಗೆ ನನ್ನ ತಟ್ಟೆ ನೆನಪಾಯಿತು.

ನಮ್ಮ ಚಿಕ್ಕಮ್ಮನ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಎರಡು ವರ್ಷ ಯಾರೂ ಅವಳ ಹೆಸರೆತ್ತಲಿಲ್ಲ. ಮೂರನೇ ವರ್ಷ ಗೌರಿ ಹಬ್ಬಕ್ಕೆ ಇಬ್ಬರೂ ಬಂದರು, ಎಲ್ಲರ ಪಂಕ್ತಿಯಲ್ಲೇ ಕೂತರು. ಅಮ್ಮ ಅವನ ಎಲೆಗೆ ಎರಡನೇ ಹೋಳಿಗೆ ಹಾಕಿದಳು. ಸಭೆ ಸೇರಿಸಿ ಕೇಳಿದ್ದರೆ ದೊಡ್ಡಪ್ಪ ಖಂಡಿತ ಆಗಲ್ಲ ಅನ್ನುತ್ತಿದ್ದರು. ಒಮ್ಮೆ ಅಂದಮೇಲೆ ಅವರು ಮಾತು ಬದಲಿಸುವವರಲ್ಲ. ಕೇಳದೆ ಇದ್ದದ್ದೇ ಅವಳಿಗೆ ಒಳ್ಳೆಯದಾಯಿತೇನೋ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ಹೇಳಬೇಕು.

ಊರಿಂದ ಹೊರಡುವ ದಿನ ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕಲು ಹೋಗಿದ್ದೆ. ಮೇಲಿನ ಹಲಗೆಯಲ್ಲಿ ಆ ನೆಗ್ಗಿದ ಚೊಂಬು ಇತ್ತು. ಸೋಪಿನ ಪುಡಿ ತುಂಬಿಟ್ಟಿದ್ದರು. ಅಮ್ಮ ಹಿಂದೆ ಬಂದು ನಿಂತಳು. ನಾನು ಚೊಂಬನ್ನು ನೋಡಿದ್ದನ್ನು ನೋಡಿದಳು.

"ಗಣಿತದ ಪರೀಕ್ಷೆ ದಿನ ನಿಂಗೆ ಮೊಸರನ್ನ ಹಾಕಿದ್ದೆ, ಅಲ್ವಾ?" ಅಂದಳು.