ಕರೆಂಟ್ ಬಂದ ಕೂಡಲೇ ತಾನಾಗೇ ಓಡುವ ಗರಗಸ ಮನೆಯಲ್ಲಿ ಬೇಡ

ಹೋದ ತಿಂಗಳು ತಿಪಟೂರಿನ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಹಿತ್ತಲ ಶೆಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಂಡ್‌ಸಾ ತಂದು ಹಾಕಿದ್ದಾನೆ. ಕಬ್ಬಿಣ ಕುಯ್ಯುವ ಮೆಷಿನ್, ಎರಡು ಚಕ್ರದ ಮೇಲೆ ಬೆಲ್ಟಿನ ಹಾಗೆ ಸುತ್ತುವ ಹಲ್ಲಿನ ಪಟ್ಟಿಯೇ ಇದರ ಬ್ಲೇಡ್. ನಾಲ್ಕು ಇಂಚು ದಪ್ಪದ ರಾಡನ್ನೂ ಕುಯ್ಯುತ್ತದೆ. ತೋಟದ ಗೇಟು, ಟ್ಯಾಂಕ್ ಸ್ಟ್ಯಾಂಡು, ಊರವರ ಟ್ರೇಲರ್ ರಿಪೇರಿ ಅಂತ ಅವನಿಗೆ ಈಗ ಕೆಲಸ ಜಾಸ್ತಿ. "ಮಾವ, ಬನ್ನಿ ನೋಡಿ" ಅಂತ ಖುಷಿಯಿಂದ ಕರೆದುಕೊಂಡು ಹೋದ.

ಮೆಷಿನ್ ಚೆನ್ನಾಗಿಯೇ ಇತ್ತು. ಆದರೆ ನನ್ನ ಕಣ್ಣು ಮೊದಲು ಹೋಗಿದ್ದು ಗೋಡೆ ಮೇಲಿನ ಸ್ವಿಚ್ಚಿನ ಕಡೆಗೆ. ಲೈಟು ಫ್ಯಾನಿಗೆ ಹಾಕುವಂಥ ಮಾಮೂಲಿ ಸ್ವಿಚ್ಚು. ಆಗ ಊರಲ್ಲಿ ಕರೆಂಟ್ ಇರಲಿಲ್ಲ. ಸ್ವಿಚ್ಚು ಮಾತ್ರ ಆನ್ ಆಗೇ ಇತ್ತು.

"ಯಾಕೋ ಹಿಂಗೆ ಬಿಟ್ಟಿದ್ದೀಯ?" ಅಂದೆ.

"ಅರ್ಧ ಕುಯ್ದಿರೋ ಪೀಸ್ ಇದೆಯಲ್ಲ ಮಾವ, ಕರೆಂಟ್ ಬಂದ್ರೆ ತಾನಾಗೇ ಶುರುವಾಗ್ಲಿ ಅಂತ" ಅಂದ.

ಅವನು ಸೋಮಾರಿಯಲ್ಲ, ದಡ್ಡನೂ ಅಲ್ಲ. ನಮ್ಮ ಕಡೆ ಬೋರ್‌ವೆಲ್ ಇರುವವರೆಲ್ಲ ಹೀಗೇ ಯೋಚನೆ ಮಾಡುತ್ತಾರೆ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಯಾವಾಗ ಕೊಡುತ್ತಾರೋ, ರಾತ್ರಿ ಎರಡು ಗಂಟೆಗೋ ಮೂರು ಗಂಟೆಗೋ. ಅದಕ್ಕೇ ಪಂಪಿನ ಸ್ಟಾರ್ಟರಿಗೆ ಒಂದು ಆಟೋ ಹಾಕಿಸುತ್ತಾರೆ. ಮಲಗಿದ್ದವರು ಏಳಬೇಕಾಗಿಲ್ಲ, ಮೋಟರ್ ತಾನಾಗೇ ಓಡುತ್ತದೆ. ಬೋರ್‌ವೆಲ್ ಒಳಗೆ ಯಾರ ಕೈಯೂ ಇರಲ್ಲ. ಗರಗಸದ ಹತ್ತಿರ ಕೈ ಇರುತ್ತದೆ.

ನನ್ನ ಎಡಗೈ ತೋರುಬೆರಳು ತೋರಿಸಿದೆ. ಅದರ ತುದಿಯಲ್ಲಿ ಈಗಲೂ ಬಿಸಿ ತಣ್ಣಗೆ ಗೊತ್ತಾಗಲ್ಲ. 1998ರಲ್ಲಿ ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ಬ್ಯಾಂಡ್‌ಸಾ ಓಡುತ್ತಿದ್ದಾಗ ಕರೆಂಟ್ ಹೋಯಿತು. ಹೇಗೂ ನಿಂತಿದೆಯಲ್ಲ, ಚಕ್ರದಲ್ಲಿ ಕಟ್ಟಿಕೊಂಡಿದ್ದ ಕಬ್ಬಿಣದ ಚೂರು ತೆಗೆಯೋಣ ಅಂತ ಕವರ್ ತೆಗೆದೆ. ಒಂದು ಕಡ್ಡಿಯಿಂದ ಕೆದಕಿದೆ, ಬರಲಿಲ್ಲ. ಬೆರಳು ಹಾಕಿದೆ. ಬೀದಿಯ ಆ ತುದಿಯಲ್ಲಿ ಬೇರೆ ಶೆಡ್ಡಿನ ಮೆಷಿನ್ ಗುಂಯ್ ಅಂದಿದ್ದು ಕೇಳಿಸಿತು. ಕರೆಂಟ್ ಬಂತು ಅಂತ ಅರ್ಥ ಆಗುವಷ್ಟರಲ್ಲಿ ಬೆರಳು ಬ್ಲೇಡಿಗೂ ಚಕ್ರಕ್ಕೂ ನಡುವೆ ಇತ್ತು. ಆರು ಹೊಲಿಗೆ. ಮೂಳೆ ಉಳಿಯಿತು. ಮಾರನೇ ದಿನವೇ ಆ ಮೆಷಿನ್ನಿಗೆ, ಕರೆಂಟ್ ಬಂದರೂ ತಾನಾಗೇ ಓಡಲು ಬಿಡದ ಸ್ಟಾರ್ಟರ್ ಬಂತು. ಒಂದು ದಿನ ಮುಂಚೆ ಬಂದಿದ್ದರೆ ಅಂತ ಎಷ್ಟೋ ರಾತ್ರಿ ಅಂದುಕೊಂಡಿದ್ದೇನೆ.

ಅಲ್ಲಿಂದ ನನಗೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಇದನ್ನೆಲ್ಲ ಬರೆಯುತ್ತಿರುವುದೂ ಅದಕ್ಕೇ. ಮನೆಯಲ್ಲಿ ಮೆಷಿನ್ ಇಟ್ಟುಕೊಂಡವರಿಗೆ ಎಲ್ಲರೂ "ಹುಷಾರಾಗಿರಪ್ಪಾ" ಅನ್ನುತ್ತಾರೆ. ಅದು ಪ್ರೀತಿಯ ಮಾತು, ಆದರೆ ಸಾಲದು. ಹುಷಾರು ಅನ್ನುವುದು ಬೆಳಗ್ಗೆ ಇರುತ್ತದೆ, ಸಂಜೆ ಸುಸ್ತಾದಾಗ ಇರಲ್ಲ. ಫೋನ್ ಬಂದಾಗ ಇರಲ್ಲ. ವರ್ಕ್‌ಶಾಪಿನಲ್ಲಾದರೆ ಪಕ್ಕದಲ್ಲಿ ಇನ್ನೊಬ್ಬ ಫಿಟ್ಟರ್ ಇರುತ್ತಾನೆ, ಬೈಯುವ ಮೇಸ್ತ್ರಿ ಇರುತ್ತಾನೆ. ಮನೆಯ ಶೆಡ್ಡಿನಲ್ಲಿ ಒಬ್ಬರೇ. ಹಾಗಾಗಿ ಅಪಾಯ ತಡೆಯುವ ಕೆಲಸವನ್ನು ಆದಷ್ಟೂ ಮೆಷಿನ್ನಿಗೇ ಒಪ್ಪಿಸಬೇಕು. ಸ್ಟಾರ್ಟರ್, ಅರ್ತಿಂಗ್, ಚಕ್ರಕ್ಕೂ ಬೆಲ್ಟಿಗೂ ಕವರ್. ಈ ಮೂರು ಇಲ್ಲದೆ ಒಂದು ಪೀಸೂ ಕುಯ್ಯಬಾರದು.

ಸ್ಟಾರ್ಟರ್ ಕೆಲಸ ಸರಳ. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಮ್ಯಾಗ್ನೆಟ್ ಆಗಿ ಕಾಂಟ್ಯಾಕ್ಟನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದ ಕ್ಷಣ ಮ್ಯಾಗ್ನೆಟ್ ಹಿಡಿತ ಬಿಡುತ್ತದೆ. ಮತ್ತೆ ಕರೆಂಟ್ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವ ತನಕ ಮೋಟರ್ ಓಡಲ್ಲ. ಪಂಪಿಗೆ ಹಾಕುವ ಆಟೋ ಇರುವುದೇ ಈ ರಕ್ಷಣೆಯನ್ನು ದಾಟುವುದಕ್ಕೆ. ಹಾಗಾಗಿ ಬ್ಯಾಂಡ್‌ಸಾಗೆ, ಡ್ರಿಲ್ಲಿಂಗ್ ಮೆಷಿನ್ನಿಗೆ, ಗ್ರೈಂಡರಿಗೆ ಆಟೋ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸಿಂಗಲ್ ಫೇಸ್ ಅರ್ಧ ಎಚ್‌ಪಿ ಮೋಟರಿಗೂ ಇಂಥ ಸ್ಟಾರ್ಟರ್ ಸಿಗುತ್ತದೆ. ಕೆಂಪು ಗುಂಡಿ ನಿಂತ ಜಾಗದಿಂದಲೇ ಕೈಗೆ ಸಿಗಬೇಕು. ಬ್ಲೇಡ್ ದಾಟಿ ಕೈ ಚಾಚಬೇಕಾದ ಕಡೆ ಇದ್ದರೆ ಅದು ಇದ್ದೂ ಇಲ್ಲದ ಹಾಗೆ.

ಅರ್ತಿಂಗ್ ವಿಷಯದಲ್ಲಿ ನಮ್ಮ ಜನ ತುಂಬಾ ಉಡಾಫೆ. ಬ್ಯಾಂಡ್‌ಸಾ ಪೂರ್ತಿ ಕಬ್ಬಿಣದ ಮೈ. ಕೂಲಂಟ್ ಅಂತ ಎಣ್ಣೆ ನೀರು ಮೇಲಿಂದ ಸುರಿಯುತ್ತಿರುತ್ತದೆ. ಕಾಲ ಕೆಳಗೆ ಸಿಮೆಂಟ್ ನೆಲ ಒದ್ದೆ. ಇಂಥ ಕಡೆ ಎರಡು ಪಿನ್ನಿನ ಪ್ಲಗ್ಗು, ಸುಲಿದ ವೈರು, ಹಳೇ ಎಕ್ಸ್‌ಟೆನ್ಶನ್ ಬಾಕ್ಸು! ಮೂರನೇ ಪಿನ್ನು ಅಲಂಕಾರಕ್ಕಲ್ಲ. ನೆಲದಲ್ಲಿ ತೋಡಿದ ಅರ್ತಿಂಗ್ ಗುಂಡಿಯವರೆಗೂ ಅದರ ಸಂಪರ್ಕ ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ಕೂಡಲೇ ಸಪ್ಲೈ ಕತ್ತರಿಸುವ ಸ್ವಿಚ್) ಒಂದು ಹಾಕಿಸಿ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ವೈರನ್ನು ಉಳಿಸುತ್ತದೆ, ಶಾಕ್ ಹೊಡೆದಾಗ ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ಎರಡೂ ಒಂದೇ ಅಂದುಕೊಂಡಿರುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಹಾಗಂತ ಹುಡುಗ ಬ್ಯಾಂಡ್‌ಸಾ ತಂದಿದ್ದು ತಪ್ಪು ಅಂತ ನಾನು ಹೇಳಲ್ಲ. ತಂದಿದ್ದು ಒಳ್ಳೆಯದೇ ಆಯಿತು. ಮುಂಚೆ ಕೈ ಗ್ರೈಂಡರಿಗೆ ಕಟಿಂಗ್ ವೀಲ್ ಹಾಕಿ ಕುಯ್ಯುತ್ತಿದ್ದ. ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಅಡ್ಡ ಬರುತ್ತೆ ಅಂತ ಗಾರ್ಡ್ ಬೇರೆ ಬಿಚ್ಚಿಟ್ಟಿದ್ದ. ಕಿಡಿ ಹತ್ತಾರು ಅಡಿ ಹಾರುತ್ತಿತ್ತು. ಅವರ ಹಿತ್ತಲಲ್ಲಿ ಏನಿದೆ ಹೇಳಿ? ಒಣಗಿದ ತೆಂಗಿನ ಸಿಪ್ಪೆಯ ಗುಡ್ಡೆ, ಪಕ್ಕದಲ್ಲೇ ಕೊಬ್ಬರಿ ಅಟ್ಟ. ಸಿಪ್ಪೆಯ ಒಳಗೆ ಬಿದ್ದ ಕಿಡಿ ಮೇಲೆ ಕಾಣಿಸಲ್ಲ, ಎಷ್ಟೋ ಹೊತ್ತಾದ ಮೇಲೆ ಹೊಗೆ ಬರುತ್ತದೆ. ಬ್ಯಾಂಡ್‌ಸಾದಲ್ಲಿ ಆ ಕಿಡಿಯ ಮಳೆ ಇಲ್ಲ. ಕಿವಿ ಕಿತ್ತುಹೋಗುವ ಸದ್ದೂ ಇಲ್ಲ.

ತೊಂದರೆ ಇರುವುದೂ ಅಲ್ಲೇ. ಕಿಡಿ ಇಲ್ಲ, ಸದ್ದಿಲ್ಲ, ಬ್ಲೇಡ್ ನಿಧಾನವಾಗಿ ಹೋಗುತ್ತಿರುತ್ತದೆ. ನೋಡಿದರೆ ಭಯವೇ ಆಗಲ್ಲ. ಮರ ಕುಯ್ಯುವ ಬ್ಯಾಂಡ್‌ಸಾ ನಿಮಿಷಕ್ಕೆ ಸುಮಾರು 3000 ಅಡಿ ಓಡಿದರೆ, ಕಬ್ಬಿಣದ್ದು ಬರೀ 80, 120, ಹೆಚ್ಚೆಂದರೆ 200 ಅಡಿ. ಆದರೆ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಅಡಿ ಅಂದರೆ ಸೆಕೆಂಡಿಗೆ ಎರಡು ಅಡಿ. ಇಂಚಿಗೆ 14 ಹಲ್ಲಿನ ಬ್ಲೇಡ್ ಆದರೆ ಒಂದೇ ಸೆಕೆಂಡಿಗೆ 336 ಹಲ್ಲು ಒಂದು ಜಾಗವನ್ನು ದಾಟುತ್ತವೆ. ಆ ಜಾಗದಲ್ಲಿ ಬೆರಳಿದ್ದರೆ ಅಯ್ಯೋ ಅನ್ನುವಷ್ಟೂ ಸಮಯ ಇಲ್ಲ.

(ಮರದ ಬ್ಯಾಂಡ್‌ಸಾಗೆ ಕಬ್ಬಿಣದ ಬ್ಲೇಡ್ ಹಾಕಿ ಓಡಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಬೇಡ. ಆ ವೇಗದಲ್ಲಿ ಹಲ್ಲು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಮರದ ಹೊಟ್ಟಿಗೆ ಬೆಂಕಿ ಬೀಳುವ ಅಪಾಯ ಬೇರೆ.)

ಬಟ್ಟೆ ವಿಷಯ. ಮೆಷಿನ್ ಓಡುವಾಗ ಗ್ಲೌಸ್ ಬೇಡ. ಇದನ್ನು ಹೇಳಿದರೆ ಜನ ನಂಬಲ್ಲ, ಗ್ಲೌಸ್ ಹಾಕಿದರೆ ಒಳ್ಳೆಯದಲ್ವಾ ಅಂತಾರೆ. ಬ್ಲೇಡಿನ ಹಲ್ಲಿಗೆ ಗ್ಲೌಸಿನ ಒಂದು ಎಳೆ ಸಿಕ್ಕಿದರೆ ಸಾಕು, ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಬರಿಗೈ ಆದರೆ ಗಾಯ, ಗ್ಲೌಸ್ ಆದರೆ ಬೆರಳೇ ಹೋಗಬಹುದು. ಲುಂಗಿ, ಟವೆಲ್, ದುಪಟ್ಟಾ, ಉದ್ದ ತೋಳಿನ ಶರ್ಟು ಕೂಡ ಹಾಗೇ. ಉಂಗುರ, ವಾಚು ತೆಗೆದಿಡಿ. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ ಇದ್ದರೆ ಅದನ್ನು ಬಿಚ್ಚಿ ಫೋಟೋದ ಮುಂದೆ ಇಟ್ಟು ಕೆಲಸಕ್ಕೆ ಬನ್ನಿ. ದೇವರು ಬೇಜಾರು ಮಾಡಿಕೊಳ್ಳಲ್ಲ. ಆಯುಧ ಪೂಜೆಗೆ ಹಾಕಿದ ಚೆಂಡುಹೂವಿನ ಹಾರವನ್ನೂ ಮೆಷಿನ್ ಶುರು ಮಾಡುವ ಮುಂಚೆ ತೆಗೆಯಿರಿ. ಪೂಜೆ ಮಾರನೇ ದಿನ ಹಾರದ ದಾರ ಪುಲ್ಲಿಗೆ ಸುತ್ತಿಕೊಂಡು, ಬಿಡಿಸೋಕೆ ಹೋದವರ ಕೈ ಬೆಲ್ಟಿನ ಹತ್ತಿರ ಹೋಗಿದ್ದನ್ನು ನಾನೇ ಕಂಡಿದ್ದೇನೆ.

ಕಣ್ಣಿಗೆ ಕನ್ನಡಕ ಮಾತ್ರ ಯಾವಾಗಲೂ ಇರಲಿ. ಬ್ಲೇಡ್ ತುಂಡಾದರೆ ಚೂರು ಯಾವ ಕಡೆ ಹಾರುತ್ತೆ ಅಂತ ಹೇಳೋಕಾಗಲ್ಲ. ಓದುವ ಕನ್ನಡಕ ಸಾಲದು, ಪಕ್ಕದಿಂದಲೂ ಮುಚ್ಚುವ ಗಾಗಲ್ ಬೇಕು.

ಗ್ಲೌಸ್ ಬೇಕಾಗುವುದು ಬ್ಲೇಡ್ ಬದಲಾಯಿಸುವಾಗ. ಆಗ ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೆಷಿನ್ ಮೇಲೇ ಇಡಿ. ಹೊಸ ಬ್ಲೇಡ್ ಮೂರು ಸುತ್ತು ಮಡಿಸಿ ಬಂದಿರುತ್ತದೆ. ಬಿಚ್ಚಿದರೆ ಐದೂಕಾಲು ಅಡಿಗಿಂತ ಉದ್ದದ ಸ್ಟೀಲ್ ಪಟ್ಟಿ, ಒಂದೇ ಸಲ ಹಾವು ಸಿಡಿದ ಹಾಗೆ ಸಿಡಿಯುತ್ತದೆ. ಅಕ್ಕನ ಮಗ ಅದನ್ನು ಒಳಗೆ, ಮುಖದ ಎದುರಿಗೆ ಹಿಡಿದು ಸುತ್ತಿಗೆ ಕಟ್ಟಿದ್ದ ತಂತಿ ಕತ್ತರಿಸೋಕೆ ಹೊರಟಿದ್ದ. ಅಂಗಳಕ್ಕೆ ಕರೆದುಕೊಂಡು ಹೋದೆ. ಗ್ಲೌಸ್ ಹಾಕಿಸಿದೆ. ಮುಖ ಪಕ್ಕಕ್ಕೆ ತಿರುಗಿಸಿ, ಕೈ ಮುಂದೆ ಚಾಚಿ, ಒಂದೊಂದೇ ಸುತ್ತು ಮೆಲ್ಲಗೆ ಬಿಡು ಅಂದೆ. ಎರಡನೇ ಸುತ್ತು ಕೈ ತಪ್ಪಿ ಝಣ್ ಅಂತ ಬಿಚ್ಚಿಕೊಂಡಾಗ ಅವನೇ ಎರಡು ಹೆಜ್ಜೆ ಹಿಂದೆ ಹೋದ. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ.

ಹಲ್ಲಿನ ಲೆಕ್ಕವೂ ಬರೀ ಫಿನಿಶಿಂಗ್ ವಿಷಯ ಅಲ್ಲ. ಕುಯ್ಯುವ ದಪ್ಪದಲ್ಲಿ ಕಡಿಮೆ ಅಂದರೂ ಮೂರು ಹಲ್ಲು ಕೂತಿರಬೇಕು. 14 ಹಲ್ಲಿನ ಬ್ಲೇಡಲ್ಲಿ ಹಲ್ಲಿಂದ ಹಲ್ಲಿಗೆ 1.8 ಮಿ.ಮೀ. ಜಾಗ ಇರುತ್ತದೆ. ಒಂದೂವರೆ ಮಿ.ಮೀ. ದಪ್ಪದ ಸ್ಕ್ವೇರ್ ಟ್ಯೂಬ್ ಹಾಕಿದರೆ ಅದರ ಗೋಡೆ ಎರಡು ಹಲ್ಲಿನ ಸಂದಿಗೇ ಬಿದ್ದು ಸಿಕ್ಕಿಕೊಳ್ಳುತ್ತದೆ. ಹಲ್ಲು ಮುರಿಯುತ್ತದೆ. ಒಂದು ಮುರಿದರೆ ಪಕ್ಕದ್ದೂ ಹೋಗುತ್ತದೆ. ತೆಳು ಟ್ಯೂಬಿಗೆ ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಬ್ಲೇಡ್ ಹೊತ್ತ ಆರ್ಮ್ ಭಾರ ಪೂರ್ತಿ ಬಿಡದೆ ಮೆಲ್ಲಗೆ ಇಳಿಸಿ. ಎಲ್ ಆಂಗಲ್ ಕುಯ್ಯುವಾಗ ಮನೆಯ ಮಾಡಿನ ಹಾಗೆ ಮೂಲೆ ಮೇಲೆ ಮಾಡಿ ಕಟ್ಟಿ. ಬ್ಲೇಡ್ ಹಿಡಿಯುವ ಗೈಡನ್ನು ಪೀಸಿನ ಹತ್ತಿರಕ್ಕೆ ತನ್ನಿ. ಕುಯ್ತ ನೇರ ಬರುತ್ತದೆ, ತೆರೆದ ಬ್ಲೇಡೂ ಕಡಿಮೆಯಾಗುತ್ತದೆ.

ಕೈಯಲ್ಲಿ ಹಿಡಿದುಕೊಂಡು ಮಾತ್ರ ಯಾವ ಪೀಸನ್ನೂ ಕುಯ್ಯಬೇಡಿ. ಅದರಲ್ಲೂ ಗುಂಡು ರಾಡು. ಬ್ಲೇಡ್ ತಾಗಿದ ತಕ್ಷಣ ಅದು ಉರುಳುತ್ತದೆ, ಹಿಡಿದ ಕೈಯನ್ನೂ ಎಳೆಯುತ್ತದೆ. ಚಿಕ್ಕ ಪೀಸನ್ನು ವೈಸಿನ (ಪೀಸನ್ನು ಕಚ್ಚಿ ಹಿಡಿಯುವ ಇಕ್ಕಳದ) ಒಂದೇ ತುದಿಗೆ ಕಟ್ಟಿದರೆ ವೈಸು ಓರೆಯಾಗಿ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ತುದಿಗೆ ಅಷ್ಟೇ ದಪ್ಪದ ಇನ್ನೊಂದು ತುಂಡು ಕೊಡಿ. ಉದ್ದದ ಮಾಲಿಗೆ ಸ್ಟ್ಯಾಂಡ್ ಬೇಕೇ ಬೇಕು. ಈ ಸಣ್ಣ ಮೆಷಿನ್ನುಗಳ ಕಾಲು ಅಗಲ ಕಮ್ಮಿ, ಇಪ್ಪತ್ತು ಅಡಿ ರಾಡಿನ ಭಾರಕ್ಕೆ ಮೆಷಿನ್ನೇ ಮಗುಚಿಕೊಳ್ಳುತ್ತದೆ. ಕಾಲಿಗೆ ಹಲಗೆ ಕೊಟ್ಟು ಬೋಲ್ಟ್ ಮಾಡಿ. ತುಂಡಾಗಿ ಬೀಳುವ ಪೀಸಿನ ತೂಕವೂ ಗೊತ್ತಿರಲಿ. ಬಾರ್ ಬೆಂಡಿಂಗ್ ಮಾಡುವವರ ಲೆಕ್ಕವೇ ಇದಕ್ಕೂ ಸಾಕು: ಗುಂಡು ರಾಡಿನ ದಪ್ಪವನ್ನು ಮಿ.ಮೀ. ಲೆಕ್ಕದಲ್ಲಿ ದಪ್ಪದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆ.ಜಿ. ಅಂತ ಬರುತ್ತದೆ. 50 ಮಿ.ಮೀ. ರಾಡ್ ಮೀಟರಿಗೆ ಹದಿನೈದು ಕೆ.ಜಿ. ದಾಟುತ್ತದೆ. ಒಂದು ಗೇಣುದ್ದದ ತುಂಡು ಮೂರು ಕೆ.ಜಿ.ಗಿಂತ ಜಾಸ್ತಿ. ಹವಾಯಿ ಚಪ್ಪಲಿ ಹಾಕಿದ ಕಾಲಿನ ಮೇಲೆ ಅದು ಬಿದ್ದರೆ ಏನಾಗುತ್ತೆ ಯೋಚಿಸಿ.

ಕುಯ್ದು ಮುಗಿದ ಮೇಲೆ ಬಿದ್ದ ಕಬ್ಬಿಣದ ಪುಡಿಯನ್ನು ಕೈಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ. ಬ್ರಷ್ ಇದೆ. ಆ ಚೂರು ಸೂಜಿಯ ಹಾಗೆ ಚರ್ಮದೊಳಗೆ ಹೋಗಿ ಕೂರುತ್ತದೆ.

ಇನ್ನೊಂದು ಮಾತು. ಕುಯ್ತ ಮುಗಿದಾಗ ತಾನೇ ನಿಲ್ಲುವ ಸ್ವಿಚ್ ಇದೆ ಅಂತ ಮೆಷಿನ್ ಓಡಲು ಬಿಟ್ಟು ಊಟಕ್ಕೆ ಹೋಗುವವರಿದ್ದಾರೆ. ಆ ಸ್ವಿಚ್ ಇರುವುದು ನಿಮ್ಮ ಅನುಕೂಲಕ್ಕೆ, ಕಾವಲಿಗಲ್ಲ. ಮಕ್ಕಳಿರುವ ಮನೆಯಲ್ಲಂತೂ ಓಡುವ ಮೆಷಿನ್ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಬಾರದು. ಅಕ್ಕನ ಮೊಮ್ಮಗಳಿಗೆ ನಾಲ್ಕು ವರ್ಷ. ಅಪ್ಪ ಮಾಡುವುದನ್ನೆಲ್ಲ ಮಾಡುತ್ತಾಳೆ. ಹಸಿರು ಗುಂಡಿ ಅವಳ ಕೈಗೂ ಎಟುಕುವ ಎತ್ತರದಲ್ಲಿರುತ್ತೆ. ಅದಕ್ಕೇ ಸ್ಟಾರ್ಟರಿಗೂ ಮುಂಚೆ ಒಂದು ಮೇನ್ ಸ್ವಿಚ್ ಬಾಕ್ಸ್ ಹಾಕಿಸಿ ಬೀಗ ಹಾಕುವ ಹಾಗೆ ಮಾಡಿಸು ಅಂದೆ.

ಮೊನ್ನೆ ಫೋನ್ ಮಾಡಿದ್ದ. ಸ್ಟಾರ್ಟರ್ ಹಾಕಿಸಿದ್ದಾನೆ. ಬ್ಲೇಡ್ ಓಡುತ್ತಿರುವಾಗಲೇ ಮೇನ್ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿದನಂತೆ. "ಮೆಷಿನ್ ಅಲ್ಲಾಡಲಿಲ್ಲ ಮಾವ" ಅಂದ. ಅರ್ತಿಂಗೂ ಆಗಿದೆ. ಮೋಟರಿನ ಬೆಲ್ಟಿಗೆ ಮಾತ್ರ ಇನ್ನೂ ಕವರ್ ಇಲ್ಲ, ಮಾರಿದವರು ಕೊಟ್ಟಿರಲಿಲ್ಲ. ಅದಕ್ಕೆ ನಾನು 18 ಗೇಜ್ ದಪ್ಪದ ತಗಡು ತೆಗೆದಿಟ್ಟಿದ್ದೇನೆ, ಬರುವ ಭಾನುವಾರ ಹೋಗಿ ಮಾಡಿಕೊಡುತ್ತೇನೆ. ಅಲ್ಲಿವರೆಗೂ ಓಡಿಸಬೇಡ ಅಂತ ಹೇಳಿದ್ದೇನೆ. ಬೀಗದ ಕೈ ಅಕ್ಕನ ಸೆರಗಿನ ಗಂಟಲ್ಲಿದೆ.